ಒಪ್ಪಂದದ ಗೆರೆಯ ಆಚೆ

ಜುಲೈ 6, 2024, ಶನಿವಾರ

ಅಕ್ಕನ ಮಗಳು ಬಂದಿಳಿದಳು. ಸೂಟ್‌ಕೇಸಿನಲ್ಲಿ ಅಕ್ಕ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಸಾರಿನ ಪುಡಿ. ಬೆನ್ನಚೀಲದ ತುಂಬ ಕಾದಂಬರಿಗಳು. ಷೂ ಬಿಚ್ಚುವ ಮೊದಲೇ, "ಚಿಕ್ಕಮ್ಮ, ಫೋರ್ಕ್ಸ್ ಇಲ್ಲಿಂದ ಎಷ್ಟು ದೂರ?" ಎಂದಳು. ಸಿಯಾಟಲ್ ಬೇಡ, ಸ್ಪೇಸ್ ನೀಡಲ್ ಬೇಡ, ವ್ಯಾಂಪೈರ್ ಕಾದಂಬರಿ 'ಟ್ವೈಲೈಟ್'ನ ಊರು ಮೊದಲು!

ರಾತ್ರಿ ಅವಳು ಮಲಗಿದ ಮೇಲೆ ಪುಸ್ತಕಗಳನ್ನು ತಿರುವಿದೆ. ಹೊದಿಕೆ ನೋಡಿದರೇ ಕಥೆ ಗೊತ್ತಾಗುತ್ತದೆ: ಕಪ್ಪು ಕಡಲು, ಒದ್ದೆ ಕೂದಲಿನ ಹುಡುಗಿ, ಚಂದ್ರ. ಹುಡುಗಿ ಅಪ್ಪನದೋ ಅಜ್ಜಿಯದೋ ಊರಿಗೆ ಬರುತ್ತಾಳೆ. ಊರಿಗೊಂದು ಗುಟ್ಟು ಇರುತ್ತದೆ. ಒಬ್ಬ ಹುಡುಗ ಇರುತ್ತಾನೆ, ಅವನು ಊಟ ಮಾಡಿದ್ದನ್ನು ಯಾರೂ ಕಂಡಿರುವುದಿಲ್ಲ. ನಾನು ನಗುತ್ತಲೇ ಒಂದೂವರೆ ಗಂಟೆಯ ತನಕ ಓದಿದೆ.

ಜುಲೈ 8, ಸೋಮವಾರ

ಈ ಕಥೆಗಳಿಗೆ ಕಡಲೇ ಯಾಕೆ ಬೇಕು? ಬೆಳಿಗ್ಗೆ ದೋಸೆ ಹೊಯ್ಯುತ್ತ ಕೇಳಿದೆ. "ಅಲ್ಲಿ ನೆಟ್‌ವರ್ಕ್ ಇರೋಲ್ಲ, ಅಮ್ಮ ಫೋನ್ ಮಾಡೋಕಾಗಲ್ಲ" ಎಂದಳು. ತಮಾಷೆಗೆ ಹೇಳಿದ್ದಾದರೂ ಅರ್ಧ ನಿಜ. ಹದಿನಾರರ ಹುಡುಗಿಗೆ ಯಾರ ಕಣ್ಣೂ ಬೀಳದ ಜಾಗ ಬೇಕು, ಅಂಥದ್ದು ಕಡಲ ದಂಡೆಯಲ್ಲೇ ಸಿಗುವುದು.

ಉಳಿದರ್ಧ ಬೇರೆ. ಕಡಲು ಹೆಣವನ್ನು ಮರಳಿ ಕೊಡುತ್ತದೆಂಬ ಖಾತರಿಯಿಲ್ಲ. ಹೆಣ ಸಿಗದವನು ಸತ್ತನೆಂದು ಮನೆಯವರು ಹೇಗೆ ಒಪ್ಪುತ್ತಾರೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಸಿಂಧುದುರ್ಗದ ಕಡೆ ಕಡಲ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಾಗ ಮುಂದಿನ ಮೇ ತಿಂಗಳು ಬಂದಿತ್ತು. ಆ ತಿಂಗಳುಗಳಲ್ಲಿ ನಮ್ಮ ಕಡೆ ಯಾರಿಗೆ ಫೋನ್ ಮಾಡಿದರೂ ಅದೇ ಮಾತು. ಎಲ್ಲೋ ಇದ್ದಾರೆ, ಯಾರೋ ಹಿಡಿದಿಟ್ಟಿದ್ದಾರೆ, ಬಂದೇ ಬರುತ್ತಾರೆ. ಮುಳುಗಿದವನು ಕಾದಂಬರಿಯಲ್ಲಿ ಚೆಲುವನಾಗಿ ಎದ್ದು ಬರುತ್ತಾನಲ್ಲ, ಅದು ಹುಟ್ಟಿದ್ದು ಈ ಆಸೆಯಿಂದಲೇ ಇರಬೇಕು. ಹುಡುಗಿಗೆ ಇದನ್ನು ಹೇಳಲಿಲ್ಲ. ದೋಸೆ ತಿನ್ನುತ್ತಿದ್ದಳು.

ಜುಲೈ 12, ಶುಕ್ರವಾರ, ಫೋರ್ಕ್ಸ್

ಕಿಂಗ್‌ಸ್ಟನ್ ಫೆರ್ರಿ, ಪೋರ್ಟ್ ಏಂಜಲಿಸ್, ಕ್ರೆಸೆಂಟ್ ಸರೋವರದ ಅಂಚಿನ ತಿರುವು ದಾರಿ. ಅಷ್ಟು ದೂರವೂ ಅವಳು ನಿದ್ದೆ, ನಾನು ಡ್ರೈವರ್.

'ಟ್ವೈಲೈಟ್' ಬರೆದ ಸ್ಟೆಫನಿ ಮೇಯರ್ ಇದ್ದದ್ದು ಅರಿಜೋನಾದ ಬಿಸಿಲಿನಲ್ಲಿ. 2003ರ ಜೂನ್‌ನಲ್ಲಿ ಬಿದ್ದ ಕನಸೊಂದನ್ನು ಬರೆಯಲು ಕೂತಾಗ ಬಿಸಿಲೇ ಕಾಣದ ಊರು ಬೇಕಾಯಿತು. ಗೂಗಲ್‌ನಲ್ಲಿ ಹುಡುಕಿ ಫೋರ್ಕ್ಸನ್ನು ಆರಿಸಿಕೊಂಡರು. ಊರು ಕಾಣದೆಯೇ ಬರೆದರು. 2005ರಲ್ಲಿ ಪುಸ್ತಕ ಬಂತು. ಇಲ್ಲಿ ವರ್ಷಕ್ಕೆ ನೂರು ಇಂಚಿಗೂ ಮಿಕ್ಕಿ ಮಳೆ. ಉಡುಪಿಯವರಿಗೆ ಇದೇನು ಮಹಾ ಮಳೆಯಲ್ಲ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಕೈತೊಳೆದುಕೊಳ್ಳುತ್ತದೆ, ಇಲ್ಲಿಯದು ವರ್ಷದ ಹೆಚ್ಚು ದಿನ ಜಿನುಗುತ್ತಲೇ ಇರುತ್ತದೆ. ಇವತ್ತು ಮಾತ್ರ ಚುರುಗುಟ್ಟುವ ಬಿಸಿಲು. ಹುಡುಗಿಗೆ ಭಾರೀ ನಿರಾಸೆ.

ಮಾಹಿತಿ ಕೇಂದ್ರದ ಎದುರು ಕಥಾನಾಯಕಿ ಬೆಲ್ಲಾಳದೆಂದು ಕೆಂಪು ಹಳೇ ಷೆವಿ ಟ್ರಕ್ ನಿಲ್ಲಿಸಿದ್ದಾರೆ. ಫೋಟೊಗೆ ಸಾಲು. ಪಕ್ಕದಲ್ಲೇ ಟಿಂಬರ್ ಮ್ಯೂಸಿಯಂ, ಅಲ್ಲಿ ಸಾಲಿಲ್ಲ. ಕಾಡು ಕಡಿದು ಬೆಳೆದ ಊರು ಇದು. 1990ರಲ್ಲಿ ಚುಕ್ಕೆ ಗೂಬೆಗೆ ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಸರಕಾರಿ ಕಾಡಿನ ಕಟಾವು ಇಳಿಯಿತು, ಗರಗಸದ ಮಿಲ್ಲುಗಳಿಗೆ ಕೆಲಸ ತಪ್ಪಿತು. ಅಂಥ ಊರಿಗೆ ಕೊನೆಗೆ ಅನ್ನ ಹಾಕಿದ್ದು ರಕ್ತ ಕುಡಿಯುವವರು! ಅಂಗಡಿಯ ಹೆಂಗಸಿಗೆ ಇದನ್ನು ಹೇಳಿದೆ. ಜೋರಾಗಿ ನಕ್ಕು, ಬಿಲ್ಲಿನಲ್ಲಿ ಒಂದು ಡಾಲರನ್ನೂ ಬಿಡಲಿಲ್ಲ.

ಜುಲೈ 13, ಶನಿವಾರ, ಲಾ ಪುಶ್

ಫೋರ್ಕ್ಸಿನಿಂದ ಹದಿನೈದು ಮೈಲಿಯಷ್ಟು. ದಾರಿಯಲ್ಲಿ ಒಂದು ರೆಸಾರ್ಟಿನ ಬಳಿ, ಕಾದಂಬರಿಯಲ್ಲಿರುವಂತೆ, 'ಒಪ್ಪಂದದ ಗೆರೆ' ಎಂದು ಬೋರ್ಡು: ಇಲ್ಲಿಂದಾಚೆ ವ್ಯಾಂಪೈರುಗಳಿಗೆ ಪ್ರವೇಶವಿಲ್ಲ. ಅಲ್ಲೂ ಫೋಟೊ ಆಯಿತು.

ಫಸ್ಟ್ ಬೀಚ್. ನಮ್ಮ ಮರಳಿನ ದಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಬೆಚ್ಚುತ್ತಾರೆ. ದಂಡೆಯುದ್ದಕ್ಕೂ ಬೇರುಸಮೇತ ಬಿದ್ದ ಮರಗಳು, ತೊಗಟೆ ಸವೆದು ಬೆಳ್ಳಗಾದವು, ಕೆಲವು ನನ್ನೆದೆಯೆತ್ತರ. ನದಿ ಅವನ್ನು ಕಡಲಿಗೆ ಒಯ್ಯುತ್ತದೆ, ಚಳಿಗಾಲದ ಅಲೆಗಳು ಮರಳಿ ದಡಕ್ಕೆ ಎಸೆಯುತ್ತವೆ. ಅಲೆ ಜೋರಿದ್ದಾಗ ದಿಮ್ಮಿಗಳ ಮೇಲೆ ಹತ್ತಬಾರದು. ನೀರು ಒಂದನ್ನು ಎತ್ತಿ ಉರುಳಿಸಿದರೆ ಕೆಳಗಿದ್ದವರ ಕಥೆ ಮುಗಿಯಿತು. ಎದುರಿಗೆ ಮರಗಳ ಟೋಪಿ ತೊಟ್ಟ ಜೇಮ್ಸ್ ಐಲೆಂಡ್. ಸಿನಿಮಾದಲ್ಲಿ ಕಾಣುವುದು ಇದಲ್ಲ. 2008ರ ಚಿತ್ರದ ಲಾ ಪುಶ್ ದೃಶ್ಯವನ್ನು ಪಕ್ಕದ ರಾಜ್ಯ ಆರೆಗನ್‌ನ ಇಂಡಿಯನ್ ಬೀಚಿನಲ್ಲಿ ತೆಗೆದರು. ಇದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಬೈಗುಳಕ್ಕೆ ಹೆದರಿ ಹೇಳಿರಲಿಲ್ಲ, ಕಳ್ಳಿ.

ಇಡೀ ಪುಸ್ತಕದಲ್ಲಿ ನನಗೆ ಹಿಡಿಸುವುದು ಈ ದಂಡೆಯ ಅಧ್ಯಾಯ. ಬೆಂಕಿ ಹಾಕಿದ್ದಾರೆ, ಉಪ್ಪುಂಡ ಕಟ್ಟಿಗೆ ನೀಲಿಯಾಗಿ ಉರಿಯುತ್ತಿದೆ. ಬೆಲ್ಲಾ ಹದಿನೈದರ ಹುಡುಗ ಜೇಕಬ್‌ನ ಜೊತೆ ಬೇಕೆಂದೇ ಸಲಿಗೆಯ ನಾಟಕವಾಡಿ ವ್ಯಾಂಪೈರ್ ಹುಡುಗ ಎಡ್ವರ್ಡನ ಗುಟ್ಟು ಹೊರಡಿಸುತ್ತಾಳೆ. ಅವಳು ಮಾಡಿದ ಒಂದೇ ಜಾಣತನ ಅದು. ಮುಂದೆ ಎಡ್ವರ್ಡ್ ರಾತ್ರಿ ಕೋಣೆಗೆ ನುಗ್ಗಿ ಅವಳು ಮಲಗಿದ್ದನ್ನು ನೋಡುತ್ತ ಕೂರುವುದನ್ನು ಪ್ರೀತಿಯೆಂದು ಕರೆಯಲು ನನ್ನಿಂದಾಗದು. ಪೊಲೀಸಿಗೆ ಫೋನ್ ಮಾಡಬೇಕಾದ ವಿಷಯ ಅದು. ಅಪ್ಪನೇ ಪೊಲೀಸ್ ಬೇರೆ!

ಊರು ಕಡಲಿನ ಮಟ್ಟದಲ್ಲೇ ಇದೆ. ಸುನಾಮಿ ಬಂದರೆ ಯಾವ ಕಡೆ ಓಡಬೇಕೆಂದು ತೋರಿಸುವ ನೀಲಿ ಬೋರ್ಡು. ನಾವು ಕೂತಲ್ಲಿಂದ ನೇರ ಕಾಣುತ್ತಿತ್ತು.

ಜುಲೈ 14, ಭಾನುವಾರ

ಮನೆಗೆ ಬಂದಾಯಿತು, ನಿದ್ದೆ ಬರುತ್ತಿಲ್ಲ.

ಲಾ ಪುಶ್ ಕ್ವಿಲ್ಯೂಟ್ ಜನರದು. ತೋಳಗಳನ್ನು ಮನುಷ್ಯರಾಗಿ ಮಾರ್ಪಡಿಸಿದ್ದರಿಂದ ತಮ್ಮ ಕುಲ ಹುಟ್ಟಿತೆಂಬುದು ಅವರ ಹಳೆಯ ಕಥೆ. ಮನುಷ್ಯರು ತೋಳವಾಗಿ ವ್ಯಾಂಪೈರುಗಳ ಮೇಲೆ ಎರಗುವುದು, ಗೆರೆ, ಒಪ್ಪಂದ, ಇವೆಲ್ಲ ಮೇಯರ್ ಕಟ್ಟಿದ್ದು. ಕಟ್ಟಲಿ, ಕಾದಂಬರಿಕಾರರ ಹಕ್ಕದು. ಆದರೆ ಕ್ವಿಲ್ಯೂಟರಿಗೆ ನಿಜವಾದ ಒಪ್ಪಂದವೊಂದಿದೆ, 1855-56ರಲ್ಲಿ ಅಮೆರಿಕ ಸರಕಾರದ ಜೊತೆ ಆದದ್ದು. ಅದರಲ್ಲಿ ನೆಲ ಹೋಯಿತು. 1889ರಲ್ಲಿ ಊರಿನವರು ದೂರದೂರಿಗೆ ಹಾಪ್ಸ್ ಕೊಯ್ಲಿಗೆ ಹೋಗಿದ್ದಾಗ ವಲಸಿಗನೊಬ್ಬ ಅವರ ಮನೆಗಳನ್ನು ಸುಟ್ಟುಹಾಕಿದ. ಅದೇ ವರ್ಷ ಕೈಗೆ ಬಂದದ್ದು ಒಂದು ಚದರ ಮೈಲಿಯಷ್ಟು ಮೀಸಲು ಜಾಗ, ಅದೂ ಕಡಲ ಬಾಯಲ್ಲಿ. ಆ ಒಪ್ಪಂದಕ್ಕೆ ರಸ್ತೆ ಬದಿಯಲ್ಲಿ ಫೋಟೊ ಬೋರ್ಡು ಕಾಣಲಿಲ್ಲ.

ಹೆಸರು ಅವರದು, ತೋಳ ಅವರದು. ಬರೆಯುವ ಮುಂಚೆ ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಹೀಗಾಗಿದ್ದರೆ? ಬೊಬ್ಬರ್ಯ ಮೊಗವೀರರ ಕಡಲ ದೈವ. ಮುಸ್ಲಿಂ ವ್ಯಾಪಾರಿಯ ಮಗನಾಗಿ ಹುಟ್ಟಿದವನೆಂದು ತುಳು ಪಾಡ್ದನದ ಹಾಡು ಹೇಳುತ್ತದೆ. ಗೂಗಲ್‌ನಲ್ಲಿ ಅವನನ್ನು ಹುಡುಕಿ, ಹದಿನೇಳರ ಚೆಲುವನನ್ನಾಗಿ ಮಾಡಿ, ಹೊರಗಿನಿಂದ ಬಂದ ಹುಡುಗಿಯ ಹಿಂದೆ ಅಲೆಸಿ, ಟೀಶರ್ಟಿನ ಮೇಲೆ ಅಚ್ಚು ಹಾಕಿಸಿದರೆ ನನ್ನ ಊರಿನವರು ಸುಮ್ಮನಿರುತ್ತಿದ್ದರೇ? ಕೋಲ ನಡೆಯುವ ಅಂಗಳದಲ್ಲಿ ಕೈಮುಗಿದು ನಿಂತ ಅಜ್ಜಿ ನೆನಪಾದಳು. ಕ್ವಿಲ್ಯೂಟರು ಮಾತ್ರ ಜಗಳಕ್ಕೆ ನಿಲ್ಲದೆ ತಮ್ಮ ಕಥೆಯನ್ನು ತಾವೇ ಹೇಳಹೊರಟರು. 2010ರಲ್ಲಿ ಸಿಯಾಟಲ್ ಕಲಾ ಮ್ಯೂಸಿಯಂನಲ್ಲಿ ನಿಜವಾದ ಕ್ವಿಲ್ಯೂಟ್ ತೋಳಗಳ ಪ್ರದರ್ಶನವೇ ಆಯಿತು.

ಅವರಲ್ಲಿ ಇನ್ನೊಂದು ಕಥೆಯುಂಟು. ಗುಡುಗು ಹಕ್ಕಿಗೂ ತಿಮಿಂಗಿಲಕ್ಕೂ ಕಾಳಗ, ನೆಲ ಅದುರುತ್ತದೆ, ಕಡಲು ಏರುತ್ತದೆ. ಈ ಕರಾವಳಿಯಾಚೆಯ ಕಡಲತಳ 1700ರ ಜನವರಿ 26ರ ರಾತ್ರಿ ಸೀಳಿ ಒಂಬತ್ತರ ಹತ್ತಿರದ ತೀವ್ರತೆಯ ಭೂಕಂಪವಾದದ್ದು ಭೂವಿಜ್ಞಾನಿಗಳಿಗೆ ಗೊತ್ತಾದದ್ದು ತೀರಾ ಈಚೆಗೆ. ಉಪ್ಪುನೀರಿನಲ್ಲಿ ನಿಂತೇ ಸತ್ತ ಮರಗಳು ಇಲ್ಲಿ, ಭೂಕಂಪವೇ ಇಲ್ಲದೆ ಬಂದ ಅಲೆಯನ್ನು ಬರೆದಿಟ್ಟ ದಾಖಲೆಗಳು ಜಪಾನಿನಲ್ಲಿ. ಎರಡನ್ನೂ ಜೋಡಿಸಿ ತಾರೀಕು ಹಿಡಿದರು. ಅಷ್ಟು ಕಾಲವೂ ಈ ಕರಾವಳಿಯ ಜನ ಅದನ್ನು ಬಾಯಲ್ಲಿ ಉಳಿಸಿಕೊಂಡಿದ್ದರು. ಇದಕ್ಕಿಂತ ಮೈ ಜುಮ್ಮೆನ್ನುವ ಅತಿಮಾನುಷ ಕಥೆ ಆ ಬೆನ್ನಚೀಲದಲ್ಲಿ ಒಂದೂ ಇಲ್ಲ.

ಸುನಾಮಿಗೆ ಸಿಗದ ಎತ್ತರಕ್ಕೆ ಊರು ಸರಿಯಲೆಂದು 2012ರಲ್ಲಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ 785 ಎಕರೆಯನ್ನು ಕ್ವಿಲ್ಯೂಟರಿಗೆ ಕಾನೂನು ಮಾಡಿ ಕೊಟ್ಟರು. ದಂಡೆಯ ಮೇಲಿದ್ದ ಶಾಲೆ 2022ರಲ್ಲಿ ಗುಡ್ಡದ ಮೇಲಕ್ಕೆ ಹೋಯಿತು. ಮನೆಗಳೂ ಹೋಗಬೇಕಿದೆ.

ಜುಲೈ 19, ಶುಕ್ರವಾರ

ಲೈಬ್ರರಿಯಿಂದ 'ದಿ ಸ್ಕಾರ್ಪಿಯೊ ರೇಸಸ್' ತಂದುಕೊಟ್ಟೆ. ಮ್ಯಾಗಿ ಸ್ಟೀಫ್‌ವಾಟರ್ 2011ರಲ್ಲಿ ಬರೆದದ್ದು. ಶರತ್ಕಾಲ ಬಂದರೆ ಕಡಲಿನಿಂದ ಮಾಂಸ ತಿನ್ನುವ ಕುದುರೆಗಳು ಎದ್ದು ಬರುತ್ತವೆ, ದ್ವೀಪದವರು ಅವನ್ನು ಹಿಡಿದು ಪಂದ್ಯಕ್ಕಿಳಿಸುತ್ತಾರೆ. ಪಕ್ ಎಂಬ ಹುಡುಗಿ ಪಂದ್ಯಕ್ಕೆ ನಿಲ್ಲುವುದು ಪ್ರೀತಿಗಲ್ಲ, ಮನೆ ಕೈತಪ್ಪದಿರಲಿ ಎಂದು. ಅದಕ್ಕೇ ನನಗೆ ಇಷ್ಟ.

ಸಂಜೆ ಮುಗಿಸಿ ಬಂದಳು. "ಚೆನ್ನಾಗಿದೆ ಚಿಕ್ಕಮ್ಮ. ಆದ್ರೆ ಮುತ್ತು ಸಿಗೋಕೆ ಎಷ್ಟು ಪುಟ ಕಾಯ್ಬೇಕು!"

ಲಾ ಪುಶ್‌ನ ಸುದ್ದಿ, ಒಪ್ಪಂದ, ಸುನಾಮಿ, ಶಾಲೆ ಎಲ್ಲವನ್ನೂ ಆಗ ಹೇಳಿದೆ. ಗಮನವಿಟ್ಟು ಕೇಳಿದಳು. ಶಾಲೆಗೆ ದುಡ್ಡು ಯಾರು ಕೊಟ್ಟರು, ಮೇಯರ್ ಏನಾದರೂ ಕೊಟ್ಟರೇ ಎಂದೆಲ್ಲ ಕೇಳಿದಳು. ಆಮೇಲೆ, "ಇದೆಲ್ಲ ಸರಿ, ಆದ್ರೆ ನನಗೆ ಬೇಕಿರೋದು ಕಚ್ಚೋ ಶಕ್ತಿ ಇದ್ದೂ ಕಚ್ಚದೇ ಇರೋ ಹುಡುಗ. ನಿಮ್ಮ ಸುನಾಮಿ ಹಾಗಿರಲ್ಲ" ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾರರಲ್ಲಿ ನಾನು ಬಚ್ಚಿಟ್ಟು ಓದಿದ ಮಾಸಿಕಗಳ ನಾಯಕರೂ ಹೆಚ್ಚು ಕಡಿಮೆ ಹೀಗೇ ಇದ್ದರು, ಎಡ್ವರ್ಡನಂತೆ ಬಿಸಿಲಿಗೆ ಹೊಳೆಯುತ್ತಿರಲಿಲ್ಲ ಅಷ್ಟೆ. ನಾಳೆ ಲೈಬ್ರರಿಗೆ ಹೋಗಿ 'ದಿ ವಿಕೆಡ್ ಡೀಪ್' ತರಬೇಕಂತೆ. ಆರೆಗನ್ ಕರಾವಳಿಯ ಒಂದು ಊರು, ಮಾಟಗಾತಿಯರೆಂದು ಊರವರು ಮುಳುಗಿಸಿದ ಮೂವರು ಅಕ್ಕತಂಗಿಯರು, ಪ್ರತಿ ಬೇಸಗೆ ಬಂದು ಹುಡುಗರನ್ನು ನೀರಿಗೆಳೆಯುತ್ತಾರಂತೆ. ಇದರಲ್ಲಿ ಕಚ್ಚುವವರು ಹುಡುಗಿಯರು. ನಾನೇ ಮೊದಲು ಓದುತ್ತೇನೆ ಎಂದಿದ್ದೇನೆ, ಜಗಳ ನಡೆದಿದೆ.