ಸ್ಟಾರ್ಟ್ ಬಟನ್ ಇಲ್ಲದ ರಿಮೋಟು

ಕಳೆದ ದೀಪಾವಳಿಗೆ ಅಣ್ಣಿಗೇರಿಗೆ ಹೋಗುವಾಗ ಗೆಳೆಯನೊಬ್ಬನ ನಿಂಟೆಂಡೊ ಸ್ವಿಚ್ಚನ್ನು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಅದರಲ್ಲಿ 2020ರಲ್ಲಿ ಬಂದ 'ನಾಮ್ಕೊ ಮ್ಯೂಸಿಯಂ ಆರ್ಕೈವ್ಸ್' ಎಂಬ ಹಳೆಯ ಆಟಗಳ ಸಂಕಲನದ ಎರಡನೆಯ ಸಂಪುಟ ಇತ್ತು. ನನಗೆ ಬೇಕಾದದ್ದು ಅದರೊಳಗಿನ ಒಂದೇ ಆಟ, 'ಬ್ಯಾಟಲ್ ಸಿಟಿ'. ಅದಕ್ಕೆ ಹೀಗೊಂದು ಹೆಸರಿದೆ ಎಂದು ಗೊತ್ತಾದದ್ದೂ ಇತ್ತೀಚೆಗೆ. ನಮ್ಮ ಮನೆಯಲ್ಲಿ ಅದು ಬರೀ ಟ್ಯಾಂಕ್ ಆಟ.

2005ರ ಸುಮಾರಿಗೆ ದೊಡ್ಡಪ್ಪ ಕಡಲೆ ಮಾರಿದ ದುಡ್ಡಿನಲ್ಲಿ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಒಂದು ವಿಡಿಯೋ ಗೇಮ್ ತಂದಿದ್ದರು. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಜೊತೆಗೊಂದು ಹಳದಿ ಕ್ಯಾಸೆಟ್. ಅದರ ಮೇಲೆ ಸಾಲುಸಾಲು ಒಂಬತ್ತುಗಳು. ಒಳಗಿದ್ದ ಆಟಗಳು ಮಾತ್ರ ಬೆರಳೆಣಿಕೆಯಷ್ಟು, ಅವೇ ಬೇರೆಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು.

ಟ್ಯಾಂಕ್ ಆಟವನ್ನು ಇಬ್ಬರೂ ಒಂದೇ ಪಕ್ಷವಾಗಿ ಆಡಬಹುದಿತ್ತು. ಅದಕ್ಕೇ ನಾನೂ ದೊಡ್ಡಪ್ಪನ ಮಗ ಅಣ್ಣನೂ ಅದಕ್ಕೆ ಅಂಟಿಕೊಂಡೆವು. ತೆರೆಯ ಕೆಳಗೆ ನಡುವೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು. ನಾವದನ್ನು ಹುಂಜ ಅನ್ನುತ್ತಿದ್ದೆವು. ಪ್ರತಿ ಹಂತದಲ್ಲೂ ಮೇಲಿನಿಂದ 20 ಟ್ಯಾಂಕುಗಳು ಇಳಿಯುತ್ತವೆ. ನಿಮ್ಮ ಟ್ಯಾಂಕು ಎಷ್ಟೇ ಗಟ್ಟಿ ಇರಲಿ, ಹುಂಜಕ್ಕೆ ಒಂದು ಗುಂಡು ಬಿದ್ದರೆ ಆಟ ಮುಗಿಯಿತು. ಆ ಗುಂಡು ನಿಮ್ಮದೇ ಆಗಿದ್ದರೂ ಅಷ್ಟೇ. ಸಾಮಾನ್ಯವಾಗಿ ಅದು ನನ್ನದೇ ಆಗಿರುತ್ತಿತ್ತು. "ಏ ಖೋಡಿ, ನಮ್ಮ ಹುಂಜಾನ್ನ ನೀನ ಹೊಡದ್ಯಲ್ಲೋ!" ಎಂದು ಅಣ್ಣ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ.

ಆ ಯಂತ್ರದ ಎರಡು ರಿಮೋಟುಗಳಲ್ಲಿ ಒಂದಕ್ಕೆ ಸ್ಟಾರ್ಟ್ ಬಟನ್ ಇರಲಿಲ್ಲ. ಮೂಲ ಫ್ಯಾಮಿಕಾಮಿನ ಎರಡನೆಯ ರಿಮೋಟಿಗೂ ಅದಿರಲಿಲ್ಲ. ಅದನ್ನು ಹಿಡಿದವರು ಆಟ ಶುರುಮಾಡುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ಅಣ್ಣ ಯಾವಾಗಲೂ ಅದನ್ನೇ ಹಿಡಿಯುತ್ತಿದ್ದ. ಹಳದಿ ಟ್ಯಾಂಕು ನನ್ನದು, ಹಸಿರು ಅವನದು. ಅವನಿಗೆ ಹಸಿರೇ ಇಷ್ಟ ಅಂದುಕೊಂಡಿದ್ದೆ.

ಸಂಕಲನದಲ್ಲಿ ಆಟ ತೆರೆದಾಗ ನಾಮ್ಕೊ ಹೆಸರು, 1985ರ ಇಸವಿ ಕಂಡವು. ನಮ್ಮ ಕ್ಯಾಸೆಟ್ಟಿನಲ್ಲಿ ಅವ್ಯಾವುವೂ ಇರಲಿಲ್ಲ. ಆದರೆ ಆಡುತ್ತಾ ಹೋದಂತೆ ಏನೋ ಕೊರತೆ ಅನಿಸಿತು. ನೀರು ದಾಟಿಸುವ ದೋಣಿ ಎಲ್ಲೂ ಬರಲಿಲ್ಲ. ಹುಡುಕಿದಾಗ ತಿಳಿಯಿತು, ನಾವು ಆಡಿದ್ದು 'ಟ್ಯಾಂಕ್ 1990' ಎಂಬ ತಿದ್ದಿದ ಪ್ರತಿ. ದೋಣಿಯನ್ನು ಸೇರಿಸಿದ್ದು ನಕಲು ಮಾಡಿದವರು. ಹಸ್ತಪ್ರತಿ ಓದುವ ನಾವು ಇಂಥದ್ದನ್ನು ಪ್ರಕ್ಷಿಪ್ತ ಎಂದು ಅಡಿಟಿಪ್ಪಣಿಗೆ ತಳ್ಳುತ್ತೇವೆ. ನನ್ನ ಬಾಲ್ಯದ ಅರ್ಧ ಸಂತೋಷ ಆ ಪ್ರಕ್ಷಿಪ್ತದಲ್ಲೇ ಇತ್ತು.

ಮೂಲದಲ್ಲಿಲ್ಲದ ಇನ್ನೊಂದನ್ನು ಈ ಸಂಕಲನವೂ ಸೇರಿಸಿದೆ. ಒಂದು ಬಟನ್ ಒತ್ತಿದರೆ ಆಟ ಹಿಂದಕ್ಕೆ ಹೋಗುತ್ತದೆ. ಹಾರಿದ ಗುಂಡು ಟ್ಯಾಂಕಿಗೆ ಮರಳುತ್ತದೆ, ಸತ್ತ ಹುಂಜ ಎದ್ದು ಕೂರುತ್ತದೆ. ಹಾಸ್ಟೆಲಿನಲ್ಲಿ ಒಬ್ಬನೇ ಕೂತು ಹೀಗೆ ಹಿಂದೆ ಮುಂದೆ ಮಾಡುತ್ತಾ, ಚಿಕ್ಕಂದಿನಲ್ಲಿ ಎಂದೂ ಮುಟ್ಟದ ಹಂತಗಳನ್ನು ಒಂದೇ ಸಂಜೆ ದಾಟಿಬಿಟ್ಟಿದ್ದೆ.

ಹಬ್ಬದ ರಾತ್ರಿ ಸ್ವಿಚ್ಚನ್ನು ಟಿವಿಗೆ ಜೋಡಿಸಿ ಅಣ್ಣನಿಗೆ ಮೊದಲನೆಯ ರಿಮೋಟು ಕೊಟ್ಟೆ. "ನೀನ ಹಿಡಿ, ಶುರು ಮಾಡಾಂವ ನೀನ" ಎಂದು ವಾಪಸ್ ಚಾಚಿದ. ಹತ್ತನೆಯತ್ತೆ ಮುಗಿದಾಗಲೂ ಹೀಗೇ ಆಗಿತ್ತು. ಕೂಡಿದ ಮನೆಯಲ್ಲಿ ಒಬ್ಬರನ್ನು ಮುಂದೆ ಓದಿಸುವಷ್ಟೇ ಅನುಕೂಲ ಇತ್ತು. "ತಮ್ಮಾ ಓದ್ಲಿ" ಅಂದವನು ಅವನೇ. ಅಂಕ ಅವನಿಗೇನೂ ಕಡಿಮೆ ಇರಲಿಲ್ಲ. ಅವನು ಹೊಲಕ್ಕೆ ಹೋದ, ನಾನು ಧಾರವಾಡಕ್ಕೆ.

ಈ ಸಲ ನಾನು ಕೈ ಚಾಚಲಿಲ್ಲ. ಕೊನೆಗೆ ಅವನೇ ಸ್ಟಾರ್ಟ್ ಒತ್ತಿದ.

ಮೂರನೆಯ ಹಂತಕ್ಕೆ ನಾನು ಹಳೆಯ ಚಾಳಿಯಂತೆ ಹುಂಜವನ್ನು ಹೊಡೆದೆ. ಅವನು ತಲೆ ಮೇಲೆ ಕೈ ಹೊತ್ತುಕೊಳ್ಳುವ ಮೊದಲೇ ಅವನ ರಿಮೋಟಿಗೆ ಕೈಹಾಕಿ ಆಟವನ್ನು ಹಿಂದಕ್ಕೆ ಓಡಿಸಿ, ದೊಡ್ಡ ಸಾಧನೆ ಮಾಡಿದವನಂತೆ ಅವನ ಮುಖ ನೋಡಿದೆ.

"ಹಂಗಾರ ಇದನ್ನ ಕಾಯೂದರ ಯಾಕ?" ಎಂದ.

ನನ್ನಲ್ಲಿ ಉತ್ತರ ಇರಲಿಲ್ಲ. ಆ ಬಟನ್ ಮುಟ್ಟದೆ ಆಡಿದೆವು. ಸೋತೆವು, ಮತ್ತೆ ಶುರುಮಾಡಿದೆವು. ಆರನೆಯ ಹಂತದಲ್ಲಿದ್ದಾಗ ಅವನ ಫೋನು ಬಾರಿಸಿತು. ಹೊಲದ ಕಡೆ ತ್ರೀ ಫೇಸ್ ಬಂದಿತ್ತು, ಕಡಲೆಗೆ ನೀರು ಬಿಡಬೇಕಿತ್ತು. ಅಣ್ಣ ಕೈಯಲ್ಲಿದ್ದ ರಿಮೋಟನ್ನೊಮ್ಮೆ ನೋಡಿ, ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿದ.

"ಹಿಂದಕ್ಕ ಒಯ್ಯಬ್ಯಾಡ. ಹಂಗ ಇರ್ಲಿ, ಬರ್ತೇನಿ" ಎಂದು ಬ್ಯಾಟರಿ ಹಿಡಿದುಕೊಂಡು ಹೊರಟ.

ಹಸಿರು ಟ್ಯಾಂಕು ಹುಂಜದ ಪಕ್ಕದಲ್ಲಿ ನಿಂತಿತ್ತು. ಅವನು ಬರುವವರೆಗೂ ನಾನು ಟಿವಿ ಆರಿಸಲಿಲ್ಲ.