ಚಿತ್ರದಲ್ಲಿ ನೀನೆಲ್ಲಿ?

ಕಳಸ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ದೀಪಾವಳಿಯ ಚಿತ್ರವನ್ನು ಜಗಲಿಯ ಗೋಡೆಗೆ ಹಾಕಿಸಿದ್ದೇವೆ. ಎಲ್ಲರನ್ನೂ ಬರೆದು ತನ್ನನ್ನೇ ತಾನು ಬಿಟ್ಟುಕೊಂಡಿದ್ದಾಳೆ ಅಂತ ನಿಮ್ಮಮ್ಮನಿಗೆ ಬೇಜಾರು. ಅವಳ ಎದುರು ಸುಮ್ಮನಿದ್ದೆ. ಆಮೇಲೆ ಒಬ್ಬಳೇ ಚಿತ್ರದ ಮುಂದೆ ತುಂಬಾ ಹೊತ್ತು ಕೂತಿದ್ದೆ.

ಮೊದಲು ಬೆಳಕನ್ನು ನೋಡಿದೆ. ನಡುಮನೆಯ ಬಲ್ಬನ್ನು ನೀನು ಆರಿಸಿಬಿಟ್ಟಿದ್ದೀಯ. ಆದರೂ ಅಜ್ಜಯ್ಯನ ಗಲ್ಲದ ಕೆಳಗೆ, ಹಂಡೆಗೆ ಸುತ್ತಿದ ಮಾಲಿಂಗನ ಬಳ್ಳಿಯ ಮೇಲೆ, ನಿಮ್ಮಮ್ಮ ಹಿಡಿದ ಎಣ್ಣೆ ಗಿಂಡಿಯ ಮೂತಿಯಲ್ಲಿ ಹಳದಿ ಬೆಳಕು. ಎಲ್ಲವೂ ಬಾಗಿಲ ಕಡೆಯಿಂದ, ಸೊಂಟದಷ್ಟು ಎತ್ತರದಿಂದ ಬೀಳುತ್ತಿದೆ. ಎಲ್ಲರ ಕಣ್ಣೂ ಅತ್ತಲೇ.

ಅದು ಅಂಟಿಗೆ-ಪಂಟಿಗೆಯವರು ಬಂದ ಗಳಿಗೆ, ಅಲ್ಲವಾ? ದೇವಸ್ಥಾನದಲ್ಲಿ ಹೊತ್ತಿಸಿದ ದೀಪವನ್ನು ಆರದಂತೆ ಕಾಪಾಡಿಕೊಂಡು, ರಾತ್ರಿಯೆಲ್ಲ ಮನೆಮನೆ ತಿರುಗಿ, ಮುಚ್ಚಿದ ಬಾಗಿಲ ಮುಂದೆ ಬಲೀಂದ್ರನ ಪದ ಹೇಳುತ್ತಾರೆ. ಬಾಗಿಲು ತೆಗೆದ ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಡುಬು, ಕಾಣಿಕೆ ಕೊಡುತ್ತಾರೆ. ಚಿಕ್ಕವಳಿದ್ದಾಗ ನಿದ್ದೆಗಣ್ಣಲ್ಲೇ ಎದ್ದು ಬಂದು ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದೆ. ಆಗ ನೀನು ಕಂಡದ್ದು ಒಳಗಿನಿಂದ. ಈಗ ಬರೆದಿರುವುದು ಹೊರಗಿನಿಂದ. ದೀಪ ಹಿಡಿದವರು ನಿಲ್ಲುವ ಜಾಗದಲ್ಲೇ ನಿಂತು ಮನೆಯನ್ನು ನೋಡಿದ್ದೀಯ.

ರಾಜಾ ರವಿವರ್ಮ 1893ರಲ್ಲಿ ಬರೆದ 'ದೇರ್ ಕಮ್ಸ್ ಪಾಪಾ' ನೆನಪಾಯಿತು. ಅವನ ಮಗಳು ಮಹಾಪ್ರಭಾ ಮಗುವನ್ನೆತ್ತಿಕೊಂಡು ಪಕ್ಕಕ್ಕೆ ನೋಡುತ್ತಿದ್ದಾಳೆ. ಬರುವ ಅಪ್ಪ ಚಿತ್ರದಲ್ಲೇ ಇಲ್ಲ, ಆದರೂ ಆ ನೋಟವೆಲ್ಲ ಅವನಿಗಾಗಿ. ನಿನ್ನ ಚಿತ್ರದಲ್ಲಿ ಆ ಜಾಗ ನಿನ್ನದು.

ಕಿಟಕಿಯಾಚೆ ಕಾಫಿ ಗಿಡದ ತುಂಬ ಬಿಳಿ ಹೂವು ಬರೆದಿದ್ದೀಯ. ದೀಪಾವಳಿಯೆಂದರೆ ಅರೇಬಿಕಾ ಕೆಂಪಗಾಗುವ ಹೊತ್ತು, ಹೂವೇನಿದ್ದರೂ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ ಅಂತ ನಿಮ್ಮಪ್ಪ ತಕರಾರು ತೆಗೆದರು. ನಾನು ಒಪ್ಪಲಿಲ್ಲ. ಹಾಸ್ಟೆಲ್ ಸೇರಿದ ಮೇಲೆ ನೀನು ಮನೆಗೆ ಬರುತ್ತಿದ್ದದ್ದೇ ದೀಪಾವಳಿಗೆ ಮತ್ತು ಬೇಸಿಗೆ ರಜೆಗೆ. ಎರಡೂ ಒಂದೇ ಕಿಟಕಿಯಲ್ಲಿ ಕಂಡರೆ ತಪ್ಪೇನು?

ಒಂದು ಮಾತು ಮಾತ್ರ ಮನಸ್ಸನ್ನು ಕೊರೆಯುತ್ತಿದೆ. ಬೆಂಗಳೂರಿಗೆ ಹೋದ ಮೇಲೆ ಈ ಮನೆಗೆ ನೀನು ನೆಂಟಳಾದೆ ಅಂತ ಅನ್ನಿಸಿ ಹೊಸಿಲಾಚೆ ನಿಂತೆಯಾ? ಹಾಗಿದ್ದರೆ ಕೇಳು: ದೀಪ ತರುವವರು ಪರ ಊರಿನವರಲ್ಲ ಪುಟ್ಟಿ, ನಮ್ಮೂರಿನ ಹುಡುಗರೇ. ಅವರು ಬರುವವರೆಗೂ ನಮ್ಮಲ್ಲಿ ಯಾರೂ ಮಲಗುವುದಿಲ್ಲ.

ಇದನ್ನೆಲ್ಲ ನಿಮ್ಮಮ್ಮನಿಗೆ ನಾನು ಹೇಳಿಲ್ಲ. ಫೋನ್ ಮಾಡಿ ನೀನೇ ಹೇಳು. ಈ ಸಲ ಪಾಡ್ಯದವರೆಗಾದರೂ ಉಳಿಯುವ ಹಾಗೆ ರಜೆ ಹಾಕು.

ಇತಿ,
ನಿನ್ನ ದೊಡ್ಡಮ್ಮ