ಹೊದಿಕೆ

ಮನುಷ್ಯರಂತೆ ಮಾತುಗಳಿಗೂ ಜಾತಕಫಲವುಂಟೆಂದು ತೋರುತ್ತದೆ. ‘ಉಪಶಮನ’ ಎಂಬುದನ್ನೇ ನೋಡಿ. ತರಗತಿಯಲ್ಲಿ ಅದರ ಅರ್ಥ ಹೇಳುವಾಗ ನಾಲಗೆಗೆ ಎಷ್ಟು ಹಿತ! ತಣಿಯುವುದು, ಶಾಂತವಾಗುವುದು. ಅದೇ ಮಾತು ಆಸ್ಪತ್ರೆಯ ಬಾಗಿಲು ಹೊಕ್ಕಿತೋ, ಮನೆಮಂದಿಯ ಮುಖ ಬಿಳಿಚುತ್ತದೆ: ‘ಹಾಗಾದರೆ ಇನ್ನು ಆಸೆಯಿಲ್ಲವೆ?’

ಇಂಗ್ಲಿಷಿನಲ್ಲಿಯೂ ಅದರ ಹಣೆಬರಹ ಹೀಗೆಯೇ. ‘ಪ್ಯಾಲಿಯೇಟಿವ್’ ಎಂಬುದರ ಮೂಲ ಲ್ಯಾಟಿನ್ನಿನ ‘ಪಾಲಿಯಮ್’. ಎಂದರೆ ಮೈಮೇಲಿನ ಹೊದಿಕೆ. 1970ರ ದಶಕದಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ಬಾಲ್ಫರ್ ಮೌಂಟ್ ಎಂಬ ವೈದ್ಯರು ಸಾವಿನಂಚಿನ ರೋಗಿಗಳ ಆರೈಕೆಗೆ ಈ ಹೆಸರಿಟ್ಟರು. ಆ ನಂಟು ಮಾತಿಗೆ ಅಂಟಿಕೊಂಡುಬಿಟ್ಟಿತು. ಆದರೆ ಹೊದಿಕೆ ಬೇಕಾಗುವುದು ಕೊನೆಗಾಲಕ್ಕೆ ಮಾತ್ರವೆ? ಚಳಿಯಲ್ಲಿ ದೂರದ ಪಯಣ ಹೊರಟವನಿಗೆ ಬೇಡವೆ?

ನನ್ನ ಅಕ್ಕನ ಮಗ ಅಂಥ ಪಯಣ ಹೊರಟಿದ್ದ. ರಕ್ತದ ಕ್ಯಾನ್ಸರಿಗೆ ಸ್ಟೆಮ್ ಸೆಲ್ ಕಸಿ. ಮೊದಲು ಕಟುವಾದ ಔಷಧಗಳಿಂದ ಅಸ್ಥಿಮಜ್ಜೆಯನ್ನು ಬರಿದು ಮಾಡುತ್ತಾರೆ. ಆಮೇಲೆ ದಾನಿಯ ಜೀವಕೋಶಗಳನ್ನು, ರಕ್ತ ಕೊಡುವ ಹಾಗೆಯೇ, ರಕ್ತನಾಳಕ್ಕೆ ಹರಿಸುತ್ತಾರೆ. ಅವು ಬೇರೂರಲು ಎರಡು ಮೂರು ವಾರ. ಅಷ್ಟು ದಿನವೂ ಒಂಟಿ ಕೋಣೆ, ಬಾಯಿ ತುಂಬ ಹುಣ್ಣು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿ. ಅಕ್ಕ ಗಾಜಿನ ಈಚೆ ನಿಂತು ‘ಒಂದು ಗುಟುಕು ಗಂಜಿ’ ಎಂದು ಕೈಸನ್ನೆ ಮಾಡುತ್ತಿದ್ದಳು. ರಕ್ತಕಣಗಳ ಲೆಕ್ಕ ದಿನವೂ ಬರುತ್ತಿತ್ತು. ನೋವಿನ ಲೆಕ್ಕ ಇಡುವವರಿರಲಿಲ್ಲ. ಉಪಶಮನದ ವೈದ್ಯರನ್ನು ಕರೆಸಬಹುದೆಂದು ನರ್ಸಮ್ಮ ಹೇಳಿದಾಗ ಭಾವ ಸಿಡುಕಿದರು: ‘ಅವರೇಕೆ? ನಾವು ಬಂದದ್ದು ಗುಣವಾಗಲಿಕ್ಕೆ.’ ಬಾಯಿ ತೆರೆಯಲಾರದ ಹುಡುಗ ಕಾಗದದ ಮೇಲೆ ಬರೆದು ಗಾಜಿಗೆ ಹಿಡಿದ: ‘ಅಪ್ಪಾ, ಗುಣವಾಗುವ ತನಕ ನೋಯಲೇಬೇಕೆ?’

ಆ ವೈದ್ಯರು ಬಂದರು. ನೋವಿನ ಔಷಧವನ್ನು ಹದಗೊಳಿಸಿದರು. ಕುರ್ಚಿ ಎಳೆದು ಕುಳಿತು, ಅವನಿಗೆ ಯಾವುದರ ಭಯವೆಂದು ಕೇಳಿದರು. ಹುಣ್ಣು ಮಾಯಲಿಲ್ಲ, ಆದರೆ ಆ ರಾತ್ರಿ ಅವನಿಗೆ ನಾಲ್ಕು ಗಂಟೆ ನಿದ್ದೆ ಬಂತು. ಕೋಶಗಳು ಬೇರೂರಿದ್ದು ಆಮೇಲಿನ ಮಾತು.

ಇದು ಒಬ್ಬನ ಅನುಭವವಷ್ಟೆ ಎನ್ನುವಂತಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರೀಜ್ ಎಲ್-ಜವಾಹ್ರಿ ಮತ್ತು ಸಂಗಡಿಗರು ಕಸಿಗೆ ಬಂದ 160 ರೋಗಿಗಳನ್ನು ಚೀಟಿಯೆತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪನ್ನು, ಕಸಿಯ ವೈದ್ಯರ ಜೊತೆಗೆ, ಉಪಶಮನದವರೂ ವಾರಕ್ಕೆ ಎರಡು ಸಲವಾದರೂ ಕಂಡು ವಿಚಾರಿಸಿಕೊಂಡರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವಾರಗಳ ಹೊತ್ತಿಗೆ ಎರಡು ಗುಂಪಿನವರೂ ಬಳಲಿದ್ದರು. ಆದರೆ ಈ ಗುಂಪಿನವರಿಗೆ ರೋಗಲಕ್ಷಣಗಳ ಕಾಟ ಕಡಮೆ, ಕಳವಳವೂ ಕಡಮೆ. ಮೂರು ತಿಂಗಳಾದ ಮೇಲೂ ಮನಸ್ಸಿನ ಕುಗ್ಗು, ಬೆಚ್ಚಿಬೀಳಿಸುವ ನೆನಪು ಇವರನ್ನು ಅಷ್ಟಾಗಿ ಕಾಡಲಿಲ್ಲ. ಈ ಆರೈಕೆಯನ್ನು ಕಸಿಯ ಬದಲಿಗೆ ಕೊಟ್ಟದ್ದಲ್ಲ, ಕಸಿಯ ಜೊತೆಗೆ ಕೊಟ್ಟದ್ದು ಎಂಬುದೇ ಇಲ್ಲಿಯ ವಿಶೇಷ.

ಹೆರಿಗೆಯ ಕೋಣೆಯಲ್ಲಿ ಸೊಂಟ ನೀವುವ ಮುದುಕಿಯನ್ನು ಕಂಡು, ಮಗುವಿನ ಆಸೆ ಹೋಯಿತೆಂದು ಯಾರೂ ಅಳುವುದಿಲ್ಲ. ಮಜ್ಜೆ ಮರುಹುಟ್ಟು ಪಡೆಯುವ ಕೋಣೆಯಲ್ಲಿಯೂ ಮೊದಲ ದಿನದಿಂದಲೇ ಅಂಥದೊಂದು ಕೈ ಇರಲಿ. ಆಗ ಮಾತಿಗೆ ಅಂಟಿದ ಭಯ ತಾನಾಗಿ ಕಳಚೀತು.